ಊರಲ್ಲಿ ನಿಮ್ಮ ಮನೆ ಯಾವ ಬೀದಿಯಲ್ಲಿ?

ಇವತ್ತು ಆಷಾಢ ಹುಣ್ಣಿಮೆ. ನಾಳೆಯಿಂದ ವರ್ಷಾವಾಸ. ಮಳೆಗಾಲದ ಮೂರು ತಿಂಗಳು ಭಿಕ್ಖುಗಳು ಊರೂರು ಅಲೆಯದೆ ಒಂದೇ ಕಡೆ ನಿಲ್ಲಬೇಕು ಅನ್ನುವುದು ಭಗವಾನರು ಮಾಡಿದ ನಿಯಮ. ನಿಲ್ಲಬೇಕು, ಸರಿ. ಎಲ್ಲಿ ನಿಲ್ಲಬೇಕು? ಮರದ ಬುಡದಲ್ಲಿ ಮಳೆಗಾಲ ಕಳೆಯುವಂತಿಲ್ಲ, ಅದೂ ನಿಯಮವೇ. ಸೂರು ಬೇಕು. ಸೂರು ಯಾರದ್ದು? ಗೃಹಸ್ಥರದ್ದು. ಅಂದರೆ ನಿಮ್ಮದು. ನೀವು ಬಂದು 'ನಮ್ಮಲ್ಲಿ ಇರಿ' ಅಂತ ಕರೆದರೆ ನಮಗೆ ವರ್ಷಾವಾಸ, ಕರೆಯದಿದ್ದರೆ ಇಲ್ಲ. ಇದನ್ನು ನಾನು ವರ್ಷಾ ವರ್ಷಾ ಇಲ್ಲೇ ಕೂತು ಹೇಳುತ್ತೇನೆ, ನೀವು ವರ್ಷಾ ವರ್ಷಾ ಅಲ್ಲೇ ಕೂತು ತಲೆದೂಗುತ್ತೀರಿ, ಆಮೇಲೆ ಪಾಯಸ ಕುಡಿದು ಮನೆಗೆ ಹೋಗುತ್ತೀರಿ. ಅದಕ್ಕೇ ಈ ಸಲ ನಿಯಮ ಹೇಳುವುದಿಲ್ಲ. ಕಥೆ ಹೇಳುತ್ತೇನೆ. ಕಥೆ ಅಂದ ತಕ್ಷಣ ಹಿಂದಿನ ಸಾಲಿನವರು ಫೋನು ಒಳಗಿಟ್ಟರು, ಸಂತೋಷ.

ಒಂದೂರಲ್ಲಿ ಒಬ್ಬ ಸಾಹುಕಾರ. ಯಾವ ಊರು ಅಂತ ಕೇಳಬೇಡಿ, ಹೇಳಿದರೆ ನಿಮಗೆ ಅವನ ನೆಂಟಸ್ತನ ನೆನಪಾಗುತ್ತದೆ. ಕರಿಕಲ್ಲಿನ ವ್ಯಾಪಾರ. ಬೆಟ್ಟ ಕೊಯ್ದು ಹಲಗೆ ಮಾಡಿ ಹಡಗಿಗೆ ಹಾಕುತ್ತಿದ್ದ. ಊರಲ್ಲಿ ಅವನದೊಂದು ಕಲ್ಯಾಣ ಮಂಟಪ, ಮಂಟಪದ ಹಿಂದಿನ ರಸ್ತೆಯಲ್ಲಿ ಸಾಲಾಗಿ ಏಳು ಬಾಡಿಗೆ ಮನೆ. ಇಷ್ಟೇ ಆಗಿದ್ದರೆ ಅವನ ಕಥೆ ಯಾರಿಗೆ ಬೇಕು? ಆದರೆ ನೋಡಿ, ಅವನು ಬರೀ ಸಾಹುಕಾರನಲ್ಲ. ಅವನು ವಿಚಾರವಂತ. ತನ್ನ ಬಾಯಲ್ಲೇ ಹೇಳಿಕೊಳ್ಳುತ್ತಿದ್ದ, ಆದ್ದರಿಂದ ಅನುಮಾನಪಡುವ ಹಾಗಿಲ್ಲ.

ಪ್ರತಿ ತಿಂಗಳು ಮೊದಲ ಭಾನುವಾರ ಆ ಮಂಟಪದ ಮಹಡಿಯಲ್ಲಿ ಸರ್ವಧರ್ಮ ಸಂವಾದ. ಒಬ್ಬ ಸ್ವಾಮಿಗಳು, ಒಬ್ಬರು ಫಾದರ್, ಒಬ್ಬರು ಮೌಲ್ವಿ ಸಾಹೇಬರು. ಬುದ್ಧನ ಕಡೆಯಿಂದ ಯಾರು? ಸಾಹುಕಾರನೇ. ಪಂಚಶೀಲ ತೆಗೆದುಕೊಂಡಿದ್ದ, ವಿಪಸ್ಸನ ಧ್ಯಾನದ ಶಿಬಿರಕ್ಕೆ ಹತ್ತು ದಿನ ಹೋಗಿಬಂದಿದ್ದ, ಬಂದ ಮೇಲೆ ಹನ್ನೊಂದು ತಿಂಗಳು ಅದರ ಬಗ್ಗೆ ಮಾತಾಡಿದ್ದ. ಬ್ಯಾನರಿನಲ್ಲಿ ಎಲ್ಲ ಧರ್ಮದ ಗುರುತುಗಳೂ ಒಂದೇ ಅಳತೆಯಲ್ಲಿ ಇರಬೇಕು ಅಂತ ಟೇಪು ಹಿಡಿದು ಅಳೆಸುತ್ತಿದ್ದ. ಒಂದು ಸಲ ಧರ್ಮಚಕ್ರ ಎರಡು ಬೆರಳು ದೊಡ್ಡದಾಯಿತೆಂದು ಇಡೀ ಬ್ಯಾನರು ವಾಪಸ್ಸು ಕಳಿಸಿದ. ಸಮಾನತೆ ಅಂದರೆ ಅಷ್ಟು ಪ್ರಾಣ ಅವನಿಗೆ.

ಇದಲ್ಲದೆ ಇನ್ನೊಂದು ಕೆಲಸ ಮಾಡಿದ್ದ. ಮಾನವ ಹಕ್ಕುಗಳ ಘೋಷಣೆ ಇದೆಯಲ್ಲ, ಮೂವತ್ತು ವಿಧಿಗಳದ್ದು, ಅದನ್ನು ಪೂರ್ತಿಯಾಗಿ ಕನ್ನಡದಲ್ಲಿ, ಕರಿಕಲ್ಲಿನ ಹಲಗೆಯ ಮೇಲೆ ಕೆತ್ತಿಸಿ, ಅಕ್ಷರಕ್ಕೆ ಚಿನ್ನದ ಬಣ್ಣ ಕೊಡಿಸಿ, ಮಂಟಪದ ಕಾಂಪೌಂಡಿಗೆ ನಿಲ್ಲಿಸಿದ್ದ. ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮೂವತ್ತರಲ್ಲಿ ಅವನಿಗೆ ಬಾಯಿಪಾಠ ಇದ್ದದ್ದು ಒಂದೇ, ಆಸ್ತಿಯ ಹಕ್ಕಿನದು. ಇರಲಿ, ಕೆತ್ತಿಸಿದನಲ್ಲ. ನೀವು ಏನು ಕೆತ್ತಿಸಿದ್ದೀರಿ?

ಆ ಕಲ್ಲಿನ ಪಕ್ಕದ ಗೇಟಿಗೇ ಒಂದು ಸಣ್ಣ ಬೋರ್ಡು ನೇತುಹಾಕಿದ್ದ. ಮನೆ ಬಾಡಿಗೆಗೆ ಇದೆ. ಏಳು ಮನೆಗಳಲ್ಲಿ ಕೊನೆಯದು, ನೀಲಿ ಗೇಟಿನದು, ಖಾಲಿಯಾಗಿತ್ತು.

ಬೋರ್ಡು ನೋಡಿಕೊಂಡು ಒಬ್ಬ ಹೆಣ್ಣುಮಗಳು ಬಂದಳು. ಈ ಕಥೆಯಲ್ಲಿ ಇವಳಿಗೊಬ್ಬಳಿಗೇ ಹೆಸರು ಇಟ್ಟುಕೊಂಡಿದ್ದೇನೆ. ಉಳಿದವರ ಹೆಸರು ನೀವೇ ತುಂಬಿಕೊಳ್ಳಬಹುದು, ನಿಮಗೆ ಕಷ್ಟವಾಗಲಾರದು. ಇವಳು ಹೇಮಾವತಿ. ಸರ್ಕಾರಿ ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ, ಆ ಊರಿಗೆ ವರ್ಗವಾಗಿ ಬಂದು ವರ್ಷವಾಗಿತ್ತು. ಗಂಡ ಬ್ಯಾಂಕಿನಲ್ಲಿ. ಒಬ್ಬಳೇ ಮಗಳು, ಐದನೇ ಕ್ಲಾಸು, ಮಂಟಪದ ಎದುರಿನ ಶಾಲೆಗೇ ಸೇರಿಸಿದ್ದರು. ಇದ್ದ ಮನೆಯ ಓನರು ಮಗನ ಮದುವೆ ಅಂತ ಬಿಡಿಸುತ್ತಿದ್ದ. ಹದಿನೈದು ದಿನದಲ್ಲಿ ಖಾಲಿ ಮಾಡಬೇಕು. ಅಷ್ಟರಲ್ಲಿ ಇವಳು ಹನ್ನೊಂದು ಮನೆ ನೋಡಿ ಮುಗಿಸಿದ್ದಳು. ಹನ್ನೊಂದೂ ಅವಳು ಹೋಗುವ ತನಕ ಖಾಲಿ, ಹೋದ ಮೇಲೆ ಭರ್ತಿ. ಇದು ಸಿಗದಿದ್ದರೆ ಆ ಊರು ಬಿಡಬೇಕು, ಮಗಳನ್ನು ಶಾಲೆಯಿಂದ ಬಿಡಿಸಬೇಕು. ಅವಳ ಪಾಲಿಗೆ ಇದ್ದದ್ದು ಇಷ್ಟು. ಸಾಹುಕಾರನ ಪಾಲಿಗೆ ಏನಿತ್ತು? ಏನೂ ಇರಲಿಲ್ಲ. ಅವನಿಗೆ ಅದು ಏಳರಲ್ಲೊಂದು ಮನೆ.

ಸಾಹುಕಾರ ಆದರದಿಂದಲೇ ಕೂರಿಸಿದ.

"ಮೇಡಂ ಹೆಸರು?"

"ಹೇಮಾವತಿ ಸರ್."

ಹೇಮಾವತಿ. ಸಾಹುಕಾರ ಆ ಹೆಸರನ್ನು ಮನಸ್ಸಿನಲ್ಲೇ ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಏನೂ ಸಿಗಲಿಲ್ಲ. ಎಲ್ಲರ ಮನೆಯಲ್ಲೂ ಇರುವ ಹೆಸರು.

"ಯಜಮಾನ್ರು?"

"ನಿಂಗರಾಜು ಅಂತ. ಬ್ಯಾಂಕಲ್ಲಿದ್ದಾರೆ."

ಸ್ವಲ್ಪ ಸಿಕ್ಕಿತು. ಆದರೆ ಸಾಲದು. ನಿಂಗರಾಜುಗಳಲ್ಲೂ ಹತ್ತು ತರದವರಿದ್ದಾರೆ.

"ತಪ್ಪು ತಿಳ್ಕೋಬೇಡಿ, ಎಲ್ರಿಗೂ ಕೇಳೋದೇ. ಮನೇಲಿ ನಾನ್‌ವೆಜ್ ಏನಾದ್ರೂ ಮಾಡ್ತೀರಾ?"

"ಇಲ್ಲ ಸರ್. ನಾವ್ಯಾರೂ ತಿನ್ನಲ್ಲ."

ಸಾಹುಕಾರನಿಗೆ ಪೀಕಲಾಟ ಶುರುವಾಯಿತು. ಯಾಕೆ ಹೇಳಿ? 'ಅಡುಗೆ' ಅನ್ನುವುದು ಒಳ್ಳೆಯ ಬಾಗಿಲು. ಅದನ್ನು ಹಾಕಿಕೊಂಡರೆ ಯಾರೂ ಏನೂ ಅನ್ನುವ ಹಾಗಿಲ್ಲ. ಈ ಹೆಣ್ಣುಮಗಳು ಆ ಬಾಗಿಲನ್ನು ನಿರಾಯಾಸವಾಗಿ ದಾಟಿಬಂದಳು. ಹಾಗಾಗಿ ಮನೆ ತೋರಿಸಲೇಬೇಕಾಯಿತು. ತೋರಿಸಿದ. ಎರಡು ಕೋಣೆ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಕಿಟಕಿಯಿಂದ ಶಾಲೆಯ ಮೈದಾನ ಕಾಣುತ್ತಿತ್ತು. ಹೇಮಾವತಿ ಆ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಅವಳ ಮನಸ್ಸು ಆಗಲೇ ಪುಸ್ತಕದ ಬೀರು ಎಲ್ಲಿಡಬೇಕೆಂದು ಯೋಚಿಸುತ್ತಿತ್ತು ಪಾಪ.

"ಇದು ದೇವ್ರ ಮನೆ," ಅಂದ ಸಾಹುಕಾರ.

"ನಾವು ಬುದ್ಧನ ಫೋಟೋ ಇಟ್ಕೋತೀವಿ ಸರ್."

"ಅಯ್ಯೋ, ನಮ್ಮನೇಲೂ ಬುದ್ಧನೇ ಮೇಡಂ. ಆಳೆತ್ತರ. ನಮ್ಮ ಕ್ವಾರೀದೇ ಕಲ್ಲು," ಅಂದ. ಅಂದನೇ ಹೊರತು ಎದೆಯೊಳಗೆ ಗಂಟೆ ಬಾರಿಸಿತು. ಯಾಕೆಂದರೆ ತಾನು ಬುದ್ಧನನ್ನು ಇಟ್ಟುಕೊಂಡರೆ ಅದು ಅಭಿರುಚಿ. ಇವರು ಇಟ್ಟುಕೊಂಡರೆ ಅದು ಗುರುತು. ಇಷ್ಟು ವ್ಯತ್ಯಾಸ ತಿಳಿಯದಷ್ಟು ದಡ್ಡನಲ್ಲ ನಮ್ಮ ವಿಚಾರವಂತ.

"ಮೂಲ ಯಾವೂರಾಯ್ತು ಮೇಡಂ?"

ಅವಳು ಊರು ಹೇಳಿದಳು.

"ಓ, ಗೊತ್ತು ಗೊತ್ತು. ನಮ್ಮ ಕಲ್ಲಿನ ಲಾರಿ ಅಲ್ಲೇ ಹೋಗೋದು. ಊರಲ್ಲಿ ನಿಮ್ಮ ಮನೆ ಯಾವ ಬೀದೀಲಿ ಬರುತ್ತೆ?"

ನೋಡಿ, ಎಂಥ ಮರ್ಯಾದಸ್ಥ ಪ್ರಶ್ನೆ. ಅಂಚೆಯವನೂ ಕೇಳುತ್ತಾನೆ, ನೆಂಟರೂ ಕೇಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಬೀದಿಗೊಂದು ಜಾತಿ, ಜಾತಿಗೊಂದು ಬೀದಿ. ಬೀದಿಯ ಹೆಸರು ಕೇಳಿದರೆ ಜಾತಿ ಕೇಳಬೇಕಾಗಿಲ್ಲ, ಅದೇ ಬಂದು ಎದುರಿಗೆ ಕೂರುತ್ತದೆ. ಜಾತಿ ಕೇಳುವವರು ಹಳೆಯ ಕಾಲದವರು. ನಾವು ಸುಧಾರಿಸಿದ್ದೇವೆ, ನಾವು ಬೀದಿ ಕೇಳುತ್ತೇವೆ.

ಹೇಮಾವತಿಗೆ ಈ ಪ್ರಶ್ನೆ ಹನ್ನೆರಡನೇ ಸಲ. ಯಾವುದೋ ಒಂದು ಬೀದಿಯ ಹೆಸರು ಹೇಳಿಬಿಡಬಹುದಿತ್ತು, ಸಾಹುಕಾರ ಹೋಗಿ ನೋಡಿಬರುತ್ತಿದ್ದನೇ? ಅವಳು ಕಿಟಕಿ ಬಿಟ್ಟು ಇತ್ತ ತಿರುಗಿ, "ಅಂಬೇಡ್ಕರ್ ಬೀದಿ ಸರ್," ಅಂದಳು.

ಸಾಹುಕಾರ ಹಣೆ ಚಚ್ಚಿಕೊಂಡ. "ನನ್ನ ಮರೆವಿಗಿಷ್ಟು. ನಮ್ಮ ಭಾವಮೈದ ಈ ಮನೇನ ಹೋದ ವಾರವೇ ಕೇಳಿದ್ದ ನೋಡಿ, ನಾನೂ ಹೂಂ ಅಂದ್ಬಿಟ್ಟಿದ್ದೆ. ಬೋರ್ಡು ತೆಗೆಸೋದು ಮರ್ತೋಗಿದೆ. ನಿಮ್ಮನ್ನ ಸುಮ್ನೆ ಓಡಾಡಿಸ್ದಂಗಾಯ್ತು. ಕಾಫಿ ಕುಡ್ಕೊಂಡೇ ಹೋಗ್ಬೇಕು."

"ಪರವಾಗಿಲ್ಲ ಸರ್," ಅಂದಳು. ಕಾಫಿ ಬೇಡ ಅಂದಳು. ನೀಲಿ ಗೇಟನ್ನು ಶಬ್ದವಾಗದ ಹಾಗೆ ಹಾಕಿಕೊಂಡು ಹೋದಳು.

ಸಾಹುಕಾರನಿಗೆ ಏನನ್ನಿಸಿತು ಗೊತ್ತೇ? ನಾಚಿಕೆ ಅಂತೀರಾ? ಇಲ್ಲ. ಹೆಮ್ಮೆ ಅನ್ನಿಸಿತು. ಒಂದು ಕೆಟ್ಟ ಮಾತಾಡಲಿಲ್ಲ, ಮುಖ ಗಂಟಿಕ್ಕಲಿಲ್ಲ, ಕಾಫಿಗೂ ಕರೆದೆ. ಬೇರೆ ಓನರುಗಳಾಗಿದ್ದರೆ ಗೇಟಿನಲ್ಲೇ ಕಳಿಸುತ್ತಿದ್ದರು. ನನಗೇನು ಜಾತಿ ಇಲ್ಲಪ್ಪ, ಮನೆಯಾಕೆ ಒಪ್ಪಬೇಕಲ್ಲ, ಉಳಿದ ಆರು ಮನೆಯವರು ಒಪ್ಪಬೇಕಲ್ಲ. ಹೀಗೆ ತನಗೆ ತಾನೇ ಹೇಳಿಕೊಂಡ. ಆರು ಮನೆಯವರನ್ನು ಕೇಳಿದನೇ? ಕೇಳಲಿಲ್ಲ. ಹೆಂಡತಿಯನ್ನು ಕೇಳಿದನೇ? ಆಕೆಗೆ ಯಾರೋ ಬಂದುಹೋದದ್ದೇ ಗೊತ್ತಿಲ್ಲ. ಈ ದೇಶದಲ್ಲಿ ಗಂಡಸರ ಜಾತಿಯನ್ನೆಲ್ಲ ಹೆಂಡತಿಯರೇ ಹೊತ್ತುಕೊಂಡಿದ್ದಾರೆ, ಪಾಪ ಅವರಿಗೆ ಹೇಳದೆಯೇ ಹೊರಿಸಿದ್ದಾರೆ.

ಹೀಗೆ ಹನ್ನೊಂದು ದಿನ ಕಳೆಯಿತು. ಸಾಹುಕಾರ ದೊಡ್ಡದೊಂದು ಸಮ್ಮೇಳನ ಇಟ್ಟುಕೊಂಡಿದ್ದ. ಬುದ್ಧ, ಸರ್ವಧರ್ಮ, ವಿಶ್ವ ಮಾನವ ಹಕ್ಕುಗಳು, ಮೂರೂ ಒಂದೇ ಬ್ಯಾನರಿನಲ್ಲಿ. ಶ್ರೀಲಂಕಾದಿಂದ ಒಬ್ಬರು ಭಿಕ್ಖುಣಿ ಬಂದಿದ್ದರು, ಎಪ್ಪತ್ತು ದಾಟಿದ ಅಜ್ಜಿ, ಜೊತೆಗೊಬ್ಬಳು ಶಿಷ್ಯೆ. ಭಿಕ್ಖುಣಿ ಮಾತಾಡುವುದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಹೇಳಬೇಕಾಗಿದ್ದ ಮೇಷ್ಟ್ರಿಗೆ ಹಿಂದಿನ ದಿನ ಜ್ವರ ಬಂತು. ಕಾಲೇಜಿನ ಪ್ರಿನ್ಸಿಪಾಲರು, "ನಮ್ಮಲ್ಲೊಬ್ರು ಮೇಡಂ ಇದ್ದಾರೆ, ಚೆನ್ನಾಗಿ ಮಾಡ್ತಾರೆ," ಅಂತ ಕಳಿಸಿದರು. ಯಾರು ಬಂದದ್ದು? ನೀವೇ ಹೇಳಿ.

ಬಿಳಿ ಸೀರೆ ಉಟ್ಟು ಹೇಮಾವತಿ ವೇದಿಕೆ ಹತ್ತಿದಾಗ ಸಾಹುಕಾರನಿಗೆ ಗುರುತು ಸಿಕ್ಕಿತು. ಒಂದು ಬಿಕ್ಕಳಿಕೆ ಬಂದುಹೋಗುವಷ್ಟು ಹೊತ್ತು ಏನೋ ಚುಚ್ಚಿದ ಹಾಗಾಯಿತು. ಆಮೇಲೆ ಸಮಾಧಾನ ತಾನಾಗಿಯೇ ಬಂತು. ಮನೆ ಕೊಡದಿದ್ದರೇನು, ವೇದಿಕೆ ಕೊಟ್ಟಿದ್ದೇನಲ್ಲ. ಮನೆ ಎಷ್ಟು ಜನಕ್ಕೆ ಸಿಗುತ್ತದೆ, ವೇದಿಕೆ ಎಷ್ಟು ಜನಕ್ಕೆ ಸಿಗುತ್ತದೆ? ಲೆಕ್ಕ ಹಾಕಿದರೆ ತಾನೇ ಹೆಚ್ಚು ಕೊಟ್ಟ ಹಾಗಾಯಿತು. ಎದ್ದು ನಿಂತು ಕೈಮುಗಿದ, ಗುಲಾಬಿ ಕೊಟ್ಟ.

ಅವಳು ಗುಲಾಬಿ ತೆಗೆದುಕೊಂಡಳು. ಅವತ್ತಿಗೆ ಅವಳ ಹದಿನೈದು ದಿನದಲ್ಲಿ ಉಳಿದದ್ದು ನಾಲ್ಕು.

ಸ್ವಾಮಿಗಳು ಮಾತಾಡಿದರು, ಫಾದರ್ ಮಾತಾಡಿದರು, ಮೌಲ್ವಿ ಸಾಹೇಬರು ಮಾತಾಡಿದರು. ಎಲ್ಲರದೂ ಒಂದೇ ಮಾತು, ಎಲ್ಲ ನದಿಗಳೂ ಸಮುದ್ರ ಸೇರುತ್ತವೆ. ಹತ್ತು ವರ್ಷದಿಂದ ಆ ಮಹಡಿಯಲ್ಲಿ ನದಿಗಳು ಸಮುದ್ರ ಸೇರುತ್ತಲೇ ಇದ್ದವು. ಕೊನೆಗೆ ಭಿಕ್ಖುಣಿ ಎದ್ದರು. ಆಕೆ ನದಿಯ ಸುದ್ದಿಗೇ ಹೋಗಲಿಲ್ಲ. ವರ್ಷಾವಾಸದ ಬಗ್ಗೆ ಹೇಳಿದರು. ಸಂಘದವರು ಅಂದರೆ ಮನೆ ಬಿಟ್ಟವರು, ಮನೆ ಬಿಟ್ಟವರಿಗೂ ಮಳೆ ಬಂದಾಗ ಮನೆ ಬೇಕು, ಅದಕ್ಕೇ ಇದು ಗೃಹಸ್ಥರ ಪರೀಕ್ಷೆಯೇ ಹೊರತು ನಮ್ಮದಲ್ಲ ಅಂದರು. ಹೇಮಾವತಿ ಒಂದೊಂದೇ ವಾಕ್ಯವನ್ನು ತಿಳಿಯಾದ ಕನ್ನಡಕ್ಕೆ ತಂದಳು. ಸಭೆ ಸದ್ದಿಲ್ಲದೆ ಕೇಳಿತು. ಕೊನೆಗೆ ಅಜ್ಜಿ ನಗುತ್ತಾ, ನಿಮ್ಮ ನಾಡಿನಲ್ಲಿ ನಾವು ಇರಬೇಕಾಗಿದ್ದ ವಿಹಾರದ ಮಾಡು ಮೊನ್ನೆಯ ಗಾಳಿಗೆ ಹಾರಿಹೋಗಿದೆ, ಈ ಮಳೆಗಾಲಕ್ಕೆ ನಮಗೂ ಇನ್ನೂ ಸೂರಿಲ್ಲ ಅಂದರು.

ಆರುನೂರು ಜನ. ಎದುರಿಗೆ ಕ್ಯಾಮೆರಾ. ಸಾಹುಕಾರನ ಕೈ ತನ್ನಷ್ಟಕ್ಕೆ ತಾನೇ ಮೈಕಿನ ಕಡೆ ಹೋಯಿತು.

"ಪೂಜ್ಯರು ಚಿಂತೆ ಮಾಡ್ಬಾರ್ದು," ಅಂದ. "ನಮ್ಮದೊಂದು ಮನೆ ಖಾಲಿ ಇದೆ. ಇದೇ ಮಂಟಪದ ಹಿಂದೆ, ನೀಲಿ ಗೇಟಿಂದು. ತಿಂಗಳಿಂದ ಖಾಲಿ ಬಿದ್ದಿದೆ. ಮೂರು ತಿಂಗಳಲ್ಲ, ಆರು ತಿಂಗಳಿರ್ಲಿ. ಈ ಬಡವನ ಸೇವೆ ಸ್ವೀಕರಿಸ್ಬೇಕು."

ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತಿತು. ಎಲ್ಲರೂ ಹೇಮಾವತಿಯ ಕಡೆ ನೋಡಿದರು. ಇದನ್ನು ಇಂಗ್ಲಿಷಿಗೆ ಹೇಳಬೇಕಾದವಳು ಅವಳು.

ಅವಳು ಸಾಹುಕಾರನ ಕಡೆ ತಿರುಗಿ ನೋಡಿದಳು.

ಭಿಕ್ಖುಣಿ, ಏನಂದರು ಮಗಳೇ, ಅಂತ ಕೇಳಿದರು. ಹೇಮಾವತಿ ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಹೇಳಿದಳು. ಮುಂದಿನ ಎರಡು ಸಾಲಿನವರಿಗೆ ಅರ್ಥವಾಯಿತು, ಅವರು ತಟ್ಟನೆ ನೆಲ ನೋಡಿದರು. ಹಿಂದಿನವರಿಗೆ ಗೊತ್ತಾಗಲಿಲ್ಲ. ಸಾಹುಕಾರನಿಗೆ ಇಂಗ್ಲಿಷು ಕಲ್ಲಿನ ಬಿಲ್ಲಿನಷ್ಟೇ ಬರುತ್ತಿದ್ದುದರಿಂದ ಅವನಿಗೂ ಗೊತ್ತಾಗಲಿಲ್ಲ. "ಏನ್ ಹೇಳಿದ್ರಿ ಮೇಡಂ? ಸಭೆಗೂ ಹೇಳಿ, ಸಭೆಗೂ ಹೇಳಿ," ಅಂದ. ಅವಳು ಏನೋ ಒಳ್ಳೆಯದನ್ನೇ ಹೇಳಿದ್ದಾಳೆಂದು ಅವನ ಎಣಿಕೆ.

ಹೇಮಾವತಿ ಮೈಕಿನ ಹತ್ತಿರ ಬಂದಳು. ಅವಳ ದನಿ ಏರಲಿಲ್ಲ.

"ನೀಲಿ ಗೇಟಿನ ಮನೆ ಖಾಲಿ ಇದೆ ಅಂತ ಇವರು ಹೇಳ್ತಿದ್ದಾರೆ ಅಂದೆ. ಹನ್ನೊಂದು ದಿನದ ಹಿಂದೆ ನಾನು ಅದೇ ಮನೆ ಬಾಡಿಗೆಗೆ ಕೇಳೋಕೆ ಹೋಗಿದ್ದೆ, ಆಗ ನಮ್ಮೂರಿನ ಬೀದಿ ಹೆಸರು ಕೇಳಿದ ಮೇಲೆ, ಅದು ಭರ್ತಿ ಆಗಿದೆ ಅಂತ ಇವರೇ ಹೇಳಿದ್ರು. ಎರಡೂ ಇವರದೇ ಮಾತು. ಯಾವುದನ್ನ ಅನುವಾದ ಮಾಡ್ಲಿ ಅಂತ ಅಮ್ಮನವರನ್ನ ಕೇಳಿದೆ."



ಅಜ್ಜಿ ಭಿಕ್ಖುಣಿ ಸಾಹುಕಾರನ ಕಡೆ ತಿರುಗಿದರು. ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ಮನೆ ಖಾಲಿ ಇರುವುದು ನಿಜ ಅಂತಾದರೆ ಬಹಳ ಒಳ್ಳೆಯದಾಯಿತು ಅಂದರು. ನಾವು ಮೂರು ತಿಂಗಳಿದ್ದು ಹೋಗುವವರು, ಇವಳಿಗೆ ಶಾಲೆಗೆ ಹೋಗುವ ಮಗುವಿದೆ. ಮನೆಯನ್ನು ಇವಳಿಗೆ ಕೊಡಿ. ಇವಳ ನಡುಮನೆಯ ಮೂಲೆಯಲ್ಲಿ ನಾವಿಬ್ಬರೂ ಚಾಪೆ ಹಾಕಿಕೊಂಡಿರುತ್ತೇವೆ. ನಿಮ್ಮ ದಾನ ಎರಡರಷ್ಟಾಗುತ್ತದೆ.

ಇದನ್ನೂ ಹೇಮಾವತಿಯೇ ಕನ್ನಡದಲ್ಲಿ ಹೇಳಬೇಕಾಯಿತು. ಯೋಚನೆ ಮಾಡಿ ನೋಡಿ. ತನಗೆ ಮನೆ ಕೊಡಿ ಅನ್ನುವ ಮಾತನ್ನು, ಕೊಡಲ್ಲ ಅಂದವನ ಎದುರು, ತುಂಬಿದ ಸಭೆಯಲ್ಲಿ, ತನ್ನ ಬಾಯಿಂದಲೇ ಆಡಬೇಕು. ಆಡಿದಳು. ಒಂದು ಅಕ್ಷರ ನುಂಗಲಿಲ್ಲ. 

ಸಾಹುಕಾರ ಏನು ಮಾಡಬಹುದಿತ್ತು? ಒಂದೇ ಪದ ಸಾಕಿತ್ತು. ಆಗಲಿ ಅಂದಿದ್ದರೆ ಮುಗಿಯುತ್ತಿತ್ತು. ತಪ್ಪಾಯ್ತು ಕೂಡ ಅನ್ನಬೇಕಾಗಿರಲಿಲ್ಲ, ಚಪ್ಪಾಳೆಯೂ ಸಿಗುತ್ತಿತ್ತು, ಅವನಿಗೆ ಬೇಕಾಗಿದ್ದೂ ಅದೇ.  ಆದರೆ ಅವನು "ಅದು... ಭಾವಮೈದ... ಮನೇಲಿ ಒಂದ್ಮಾತು ಕೇಳಿ..." ಅಂದ.

ಉಳಿದ ಮೂವರು ಇದ್ದರಲ್ಲ ವೇದಿಕೆಯ ಮೇಲೆ? ಸ್ವಾಮಿಗಳ ಮಠಕ್ಕೆ ಮಳಿಗೆಯ ಮೇಲೆ ಎಂಟು ಬಾಡಿಗೆ ಮನೆ ಇದ್ದವು. ಫಾದರ್ ಅವರ ಕಾಂಪೌಂಡಿನಲ್ಲಿ ಕ್ವಾರ್ಟರ್ಸ್ ಖಾಲಿ ಇತ್ತು. ಮೌಲ್ವಿ ಸಾಹೇಬರ ಕಮಿಟಿಗೆ ಹೊಸ ಕಟ್ಟಡ ಆಗಿತ್ತು. 'ಅವನು ಕೊಡದಿದ್ದರೆ ನಮ್ಮಲ್ಲಿಗೆ ಬಾ ತಾಯಿ' ಅಂತ ಒಬ್ಬರು ಅಂದರೇ? ಒಬ್ಬರು ಶಾಲು ಸರಿಮಾಡಿಕೊಂಡರು, ಒಬ್ಬರು ಕನ್ನಡಕ ಒರೆಸಿಕೊಂಡರು, ಒಬ್ಬರು ಗಡಿಯಾರ ನೋಡಿಕೊಂಡರು. ಹತ್ತು ವರ್ಷದ ಸಂವಾದದಲ್ಲಿ ಆ ಮೂರು ಧರ್ಮಗಳಲ್ಲಿ ಅಷ್ಟು ಒಮ್ಮತ ಅವತ್ತೇ ಕಂಡದ್ದು. ಸಾಹುಕಾರನ ಬುದ್ಧನನ್ನೂ ಸೇರಿಸಿಕೊಂಡರೆ ನಾಲ್ಕು.

ನಿರೂಪಣೆ ಮಾಡುತ್ತಿದ್ದವನು ಚುರುಕು. ಮೈಕು ಕಿತ್ತುಕೊಂಡು, "ಈಗ ರಾಷ್ಟ್ರಗೀತೆ, ಎಲ್ಲರೂ ಎದ್ದು ನಿಲ್ಲಬೇಕು," ಅಂದುಬಿಟ್ಟ. ವಂದನಾರ್ಪಣೆಯೂ ಆಗಿರಲಿಲ್ಲ. ಆರುನೂರು ಜನ ಧಡಕ್ಕನೆ ಎದ್ದು ನೇರ ನಿಂತರು. ರಾಷ್ಟ್ರಗೀತೆ ನಡೆಯುವಾಗ ಯಾರೂ ಮಾತಾಡುವ ಹಾಗಿಲ್ಲ, ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅದು ಮುಗಿದ ಮೇಲೆ ಊಟ.

ಊಟದ ಸಾಲಿನಲ್ಲಿ ಬೈಗುಳ ಯಾರಿಗೆ ಬಿತ್ತು ಅಂತೀರಿ? ಸಾಹುಕಾರನಿಗೆ? ಅವನ ಅನ್ನ ತಿನ್ನುತ್ತಾ ಅವನನ್ನು ಬೈಯುವಷ್ಟು ಕೃತಘ್ನರಲ್ಲ ನಮ್ಮ ಜನ. ಹೇಮಾವತಿಯನ್ನು ಅಂದರು. ಸಭೆಯ ಮರ್ಯಾದೆ ತೆಗೆದಳು ಅಂದರು. ವಿದೇಶದವರ ಮುಂದೆ ಊರಿನ ಮಾನ ಹೋಯಿತು ಅಂದರು. ಒಬ್ಬ ನಿವೃತ್ತ ಮೇಷ್ಟ್ರು ತಟ್ಟೆ ಹಿಡಿದುಕೊಂಡೇ ಅವಳ ಹತ್ತಿರ ಬಂದು, "ನಿಮ್ಮ ನೋವು ಅರ್ಥ ಆಗುತ್ತಮ್ಮ. ಆದ್ರೆ ವೇದಿಕೆ ಅದಕ್ಕಲ್ಲ. ನೀವು ಬರೀ ಅನುವಾದ ಮಾಡ್ಬೇಕಿತ್ತು," ಅಂದರು.

"ಮಾಡಿದೆನಲ್ಲ ಸರ್," ಅಂದಳು ಅವಳು. ಊಟ ಮಾಡದೆ ಹೋದಳು.

ಇನ್ನು ಸಾಹುಕಾರನ ಕಡೆ ಬರೋಣ. ಕಥೆ ಅವನದ್ದಲ್ಲವೇ. ಸಂಜೆ ಒಬ್ಬನೇ ಆ ಮನೆಗೆ ಹೋದ. ಬಾಗಿಲು ತೆಗೆದು ಒಳಗೆ ನಿಂತ. ನಿಜ ಹೇಳಬೇಕೆಂದರೆ ಅವನಿಗೆ ಸಂಕಟವಾಗಿತ್ತು. ಆರುನೂರು ಜನರ ಎದುರು ಸುಳ್ಳುಗಾರನಾದೆನಲ್ಲ ಅನ್ನುವ ಸಂಕಟ. ಪಂಚಶೀಲ ತೆಗೆದುಕೊಂಡವನು, ಸುಳ್ಳು ಹೇಳುವುದಿಲ್ಲ ಅಂತ ಬೆಳಗ್ಗೆ ಬೆಳಗ್ಗೆ ಬಾಯಿಬಿಟ್ಟು ಹೇಳುವವನು, ಅವನ ಶೀಲವೇ ಮುರಿಯಿತಲ್ಲ. ಇದನ್ನು ಸರಿಪಡಿಸಲೇಬೇಕು ಅಂತ ಗಟ್ಟಿ ಮನಸ್ಸು ಮಾಡಿದ. ಫೋನು ತೆಗೆದ.

ಯಾರಿಗೆ ಮಾಡಿದ? ಹೇಮಾವತಿಗಲ್ಲ. ಭಾವಮೈದನಿಗೆ.

"ಲೋ, ನೀಲಿ ಗೇಟಿನ್ ಮನೇಗೆ ಬಂದು ಸೇರ್ಕೊ," ಅಂದ.

"ನಂಗ್ಯಾಕೆ ಭಾವ ಮನೆ? ನಂದೇ ಸ್ವಂತದ್ದು ಇದ್ಯಲ್ಲ," ಅಂದ ಅವನು.

"ಬಾಡ್ಗೆ ಬೇಡ ಕಣೋ. ನಾಳೇನೇ ಬಾ. ನನ್ ಮಾತು ಉಳಿಸು."

ಭಾವಮೈದ ಬಂದ, ಎರಡು ಮಂಚ, ಒಂದು ಟೀವಿ ತಂದು ಹಾಕಿ ಬೀಗ ಜಡಿದು ತನ್ನ ಮನೆಗೆ ವಾಪಸ್ಸು ಹೋದ. ಸಾಹುಕಾರನಿಗೆ ಜೀವ ತಣ್ಣಗಾಯಿತು. ಈಗ ಅವನು ಹೇಳಿದ್ದು ಸುಳ್ಳಲ್ಲ. ಮನೆ ನಿಜವಾಗಿಯೂ ಭಾವಮೈದನದು. ಶೀಲ ಉಳಿಯಿತು. ಕೇಳಿದಿರಾ, ಸುಳ್ಳು ಹೇಳಬಾರದೆಂಬ ಭಗವಾನರ ಮಾತನ್ನು ಹೀಗೂ ಪಾಲಿಸಬಹುದು. ಒಂದು ಸಂಸಾರವನ್ನು ಬೀದಿಗೆ ಬಿಟ್ಟು, ಎರಡು ಮಂಚಕ್ಕೆ ಮನೆ ಮಾಡಿಕೊಟ್ಟು ಶೀಲವಂತನಾಗಬಹುದು. ನಾನು ಮೂವತ್ತು ವರ್ಷ ಚೀವರ ಹೊದ್ದಿದ್ದೇನೆ, ನನಗೆ ಈ ಉಪಾಯ ಹೊಳೆದಿರಲಿಲ್ಲ.

ಹೇಮಾವತಿಗೆ ಆ ಊರಲ್ಲಿ ಮನೆ ಸಿಗಲಿಲ್ಲ. ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಇನ್ನೊಂದು ಊರಿನಲ್ಲಿ ಶೀಟು ಹೊದಿಸಿದ ಎರಡು ಕೋಣೆ ಸಿಕ್ಕಿತು. ಮಗಳ ಶಾಲೆ ಬಿಡಿಸಿದರು. ಸಾಮಾನು ಕಟ್ಟುವಾಗ ಆ ಮಗು ಕೇಳಿತಂತೆ, "ಅಮ್ಮ, ಬೇರೆ ಬೀದಿ ಹೆಸ್ರು ಹೇಳಿದ್ರೆ ಏನಾಗ್ತಿತ್ತು?"

"ಮನೆ ಸಿಗ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಆಮೇಲೆ ಊರಿಂದ ನಿಮ್ಮಜ್ಜಿ ಬಂದಾಗ ಯಾರು ಅಂತ ಹೇಳ್ಬೇಕಿತ್ತು?"

 ಹತ್ತು ವರ್ಷದ ಮಗು ಅಷ್ಟಕ್ಕೇ ಅರ್ಥ ಮಾಡಿಕೊಂಡು ಸುಮ್ಮನಾಯಿತಲ್ಲ, ನನಗೆ ತಡೆಯಲಾಗದ್ದು ಅದೇ. ಆ ವಯಸ್ಸಿಗೆ ಅರ್ಥವಾಗಬಾರದ ವಿಷಯ ಅದು.

ಭಿಕ್ಖುಣಿಯರು ಎಲ್ಲಿ ಹೋದರು? ಆ ಶೀಟಿನ ಮನೆಗೇ ಹೋದರು. ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳದಂಥ ಮನೆಯಲ್ಲಿ ಮೂರು ತಿಂಗಳು ಪೂರ್ತಿ ಇದ್ದರು. ಇತ್ತ ಸಾಹುಕಾರನ ಸಂವಾದ ನಿಂತಿತೇ? ಯಾಕೆ ನಿಲ್ಲುತ್ತದೆ. ಮುಂದಿನ ಸಮ್ಮೇಳನದ ವಿಷಯ ವಸತಿಯ ಹಕ್ಕು. ಅನುವಾದಕ್ಕೆ ಜ್ವರ ಬಿಟ್ಟ ಮೇಷ್ಟ್ರನ್ನೇ ಕರೆಸಿದ್ದ. ಅವರು ಬಹಳ ಚೆನ್ನಾಗಿ ಅನುವಾದ ಮಾಡಿದರಂತೆ, ಎಲ್ಲಿಯೂ ತಡವರಿಸಲಿಲ್ಲವಂತೆ.

ನಗುತ್ತಿದ್ದೀರಿ. ನಗಿ, ಸಾಹುಕಾರ ಬೇರೆ ಊರಿನವನು, ಬೇರೆಯವರ ಪೈಕಿ. ಅವನನ್ನು ಕಂಡು ನಗುವುದಕ್ಕೆ ಏನೂ ಖರ್ಚಿಲ್ಲ.

ಈಗ ನಗು ನಿಲ್ಲಿಸಿ ಕೇಳಿ. ಈ ವಿಹಾರದಲ್ಲಿ ಕೂತಿರುವ ನೀವು ಯಾರು? ಮೇಷ್ಟ್ರುಗಳಿದ್ದೀರಿ, ಬ್ಯಾಂಕಿನವರಿದ್ದೀರಿ, ಕಚೇರಿಗಳಲ್ಲಿ ಸಾಹೇಬರಾಗಿದ್ದೀರಿ. ನಿಮ್ಮ ಅಪ್ಪಂದಿರಿಗೆ ಊರೊಳಗೆ ನೆರಳು ಸಿಗುತ್ತಿರಲಿಲ್ಲ, ನೀವು ಮನೆ ಕಟ್ಟಿಸಿದ್ದೀರಿ, ಕೆಳಗೆ ನೀವಿದ್ದು ಮೇಲಿನದನ್ನು ಬಾಡಿಗೆಗೆ ಕೊಟ್ಟಿದ್ದೀರಿ. ಬಹಳ ಸಂತೋಷ. ಯಾರಿಗೆ ಕೊಟ್ಟಿದ್ದೀರಿ? ಹೋದ ತಿಂಗಳು ಇಲ್ಲಿಗೇ ಬರುವ ಒಬ್ಬ ಹುಡುಗ, ಪೌರಕಾರ್ಮಿಕರ ಮಗ, ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದವನು, ನಿಮ್ಮಲ್ಲೇ ಮೂವರ ಬಾಗಿಲಿಗೆ ಬಂದಿದ್ದ. ಮೂವರ ಮನೆಯಲ್ಲೂ ಬುದ್ಧನ ಪಟವಿದೆ. ಮೂವರೂ ತ್ರಿಶರಣ ತೆಗೆದುಕೊಂಡವರು. ಅವನನ್ನು ಏನು ಕೇಳಿದಿರಿ? ನಮ್ಮವರೇ ಇರಬೇಕು, ಆದರೆ ನಮ್ಮಲ್ಲಿ ಯಾವ ಪೈಕಿ ಅಂತ ಕೇಳಿದಿರಿ. ಒಬ್ಬರು 'ನೀರಿನ ತೊಂದರೆ ಇದೆ' ಅಂದಿರಿ. ಒಬ್ಬರು 'ಮಗಳು ಬರುತ್ತಾಳೆ' ಅಂದಿರಿ. ಮಗಳು ಅಮ್ಮನ ಪಕ್ಕದಲ್ಲೇ ಕೂತಿದ್ದಾಳೆ, ಅವಳಿಗೂ ಈ ಸುದ್ದಿ ಹೊಸದು ಅಂತ ಕಾಣುತ್ತದೆ. ಇನ್ನೊಬ್ಬರು ಯಜಮಾನರು, 'ನಮ್ಮನೆಯವಳಿಗೆ ಆಗಿಬರಲ್ಲಪ್ಪ' ಅಂದಿರಿ. ಆ ತಾಯಿ ಈಗ ನಿಮ್ಮ ಕಡೆಯೇ ನೋಡುತ್ತಿದ್ದಾರೆ, ನೀವು ಯಾಕೆ ನನ್ನ ಕಡೆ ನೋಡುತ್ತಿದ್ದೀರಿ?

ಆ ಸಾಹುಕಾರನಿಗಾದರೂ ಒಂದು ನೆಪವಿತ್ತು, ಅವನು ಎಂದೂ ಗೇಟಿನ ಹೊರಗೆ ನಿಂತವನಲ್ಲ. ನಿಮಗೆ ಆ ನೆಪವೂ ಇಲ್ಲ. ನಿಂತು ನಿಂತು ಕಾಲು ಸೋತವರ ಮಕ್ಕಳು ನೀವು. ಒಳಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ ಅದೇ ಗೇಟಿಗೆ ಅದೇ ಚಿಲಕ ಹಾಕಿದ್ದು. ನಾಚಿಕೆಯಾಗಬೇಕು. ನಿಮಗೆ ಆಗದಿದ್ದರೆ, ನಿಮ್ಮ ಪ್ರತಿನಿಧಿಯಾಗಿ ನನಗೆ ಆಗುತ್ತಿದೆ.

ಏನು ಮಾಡಬೇಕು ಅಂತ ಕೇಳಿ. ಧ್ಯಾನ ಜಾಸ್ತಿ ಮಾಡಬೇಕೇ? ಬೇಡ. ಸಂವಾದ ಇಡಬೇಕೇ? ದಯವಿಟ್ಟು ಬೇಡ. ಮನೆ ಕೇಳಿಕೊಂಡು ಯಾರಾದರೂ ಬಂದರೆ ಎಷ್ಟು ಜನ ಇದ್ದೀರಿ ಅಂತ ಕೇಳಿ, ಯಾವಾಗ ಬರುತ್ತೀರಿ ಅಂತ ಕೇಳಿ, ಬಾಡಿಗೆ ಇಷ್ಟು ಅಂತ ಹೇಳಿ. ಅಲ್ಲಿಗೆ ನಿಲ್ಲಿಸಿ. ನಾಲ್ಕನೆಯ ಪ್ರಶ್ನೆ ನಾಲಿಗೆಗೆ ಬಂತೋ, ಅದು ಎಷ್ಟೇ ಮರ್ಯಾದೆಯ ಬಟ್ಟೆ ಹಾಕಿಕೊಂಡು ಬಂದಿರಲಿ, ಅಡುಗೆ ಅಂತಲೇ ಬರಲಿ, ಹುಟ್ಟೂರು ಅಂತಲೇ ಬರಲಿ, ಅದನ್ನು ಅಲ್ಲೇ ನುಂಗಿ. ನಿಮ್ಮ ಜಾತಿಯನ್ನು ಹೆಂಡತಿಯ ತಲೆಗೆ ಕಟ್ಟಬೇಡಿ, ತಾಯಿಯ ತಲೆಗೆ ಕಟ್ಟಬೇಡಿ, ಪಕ್ಕದ ಮನೆಯವರ ತಲೆಗೆ ಕಟ್ಟಬೇಡಿ. ಇಲ್ಲ ಅನ್ನುವ ಹಾಗಿದ್ದರೆ, 'ನಾನೇ ಇಲ್ಲ ಅಂತಿದ್ದೇನೆ, ಇಂಥದ್ದಕ್ಕೇ ಅಂತಿದ್ದೇನೆ' ಅಂತ ಅವರ ಮುಖ ನೋಡಿ ಹೇಳಿ. ಅಷ್ಟು ಧೈರ್ಯ ಇಲ್ಲ ಅಂತಾದರೆ ಮನೆ ಕೊಡಿ. ಕೊಡುವುದೇ ಸುಲಭ.

ಇವತ್ತು ಬೆಳಗ್ಗೆ ನಿಮ್ಮಲ್ಲಿ ನಾಲ್ಕು ಜನ ಬಂದು, ಭಂತೇ, ಈ ವರ್ಷಾವಾಸ ನಮ್ಮ ಮನೆಯಲ್ಲೇ ಆಗಬೇಕು ಅಂತ ಕರೆದಿರಿ. ಆ ನಾಲ್ವರಲ್ಲಿ ಮೂವರು ಯಾರು ಅಂತ ಹೇಳಬೇಕಾಗಿಲ್ಲ. ಆ ಹುಡುಗ ಈಗ ಎಲ್ಲಿದ್ದಾನೆ ಗೊತ್ತೇ? ಆಸ್ಪತ್ರೆಯ ಸ್ಟೋರಿನಲ್ಲಿ, ಔಷಧದ ಡಬ್ಬಗಳ ನಡುವೆ ಮಲಗುತ್ತಿದ್ದಾನೆ. ನಾನು ಬರುತ್ತೇನೆ. ಆದರೆ ಅವನು ಮೊದಲು ಬರಬೇಕು. ಅವನು ಬಂದ ಮನೆಗೆ ನಾನೂ ಬರುತ್ತೇನೆ, ನಡುಮನೆಯಲ್ಲಿ ಒಂದು ಚಾಪೆ ಸಾಕು. ಯಾರೂ ಅವನನ್ನು ಕರೆಯದಿದ್ದರೆ ನಾಳೆಯಿಂದ ನನ್ನ ವರ್ಷಾವಾಸವೂ ಆ ಸ್ಟೋರಿನಲ್ಲೇ. ಅವನನ್ನು ಕೇಳಿದ್ದೇನೆ. ಜಾಗ ಇದೆ ಭಂತೇ, ಬನ್ನಿ, ಅಂದ. ನನ್ನೂರು ಯಾವುದು ಅಂತಲೂ ಕೇಳಲಿಲ್ಲ.